ಜಾನುವಾರುಗಳಿಗೆ ಖನಿಜ ಹಾಗೂ ಲವಣಾಂಶಗಳ ಪ್ರಮಾಣ: ಅಳತೆಗಳ ಪರಿವರ್ತನೆ (ಬಾಗಲಕೋಟೆ, ಬಾದಾಮಿ, ಹುನಗುಂದ ಮತ್ತು ಇಳಕಲ್ ಭಾಗಕ್ಕೆ)

ಖನಿಜ ಮಿಶ್ರಣದ ಚೀಲದ ಮೇಲೆ ಅಂಶಗಳನ್ನು ಶೇಕಡಾವಾರು ಮುದ್ರಿಸಿರುತ್ತಾರೆ. ಪಶುವೈದ್ಯರ ಚೀಟಿಯಲ್ಲಿ ಗ್ರಾಂ ಇರುತ್ತದೆ. ರಕ್ತ ಪರೀಕ್ಷೆಯ ವರದಿ ಕೆಲವೊಮ್ಮೆ ಮಿಲಿಮೋಲ್‌ಗಳಲ್ಲಿ, ನೀರಿನ ಪರೀಕ್ಷೆಯ ವರದಿ ಪಿಪಿಎಂನಲ್ಲಿ ಬರುತ್ತದೆ. ಕೊಟ್ಟಿಗೆಯಲ್ಲಿ ಮಾತ್ರ ಇರುವುದು ಒಂದು ಚಮಚ ಮತ್ತು ಒಂದು ಹಿಡಿ. ಈ ಐದು ಅಳತೆಗಳ ನಡುವೆ ಲೆಕ್ಕ ತಪ್ಪಿದಾಗ ಆಗುವ ವ್ಯತ್ಯಾಸ ಹೆಚ್ಚು ಕಡಿಮೆ ಎಂಬಷ್ಟು ಸಣ್ಣದಲ್ಲ. ಅದು ಹತ್ತು ಪಟ್ಟು, ಕೆಲವೊಮ್ಮೆ ಸಾವಿರ ಪಟ್ಟು ಇರುತ್ತದೆ.

ಈ ಭಾಗದ ಮುಖ್ಯ ಒಣಮೇವು ಬಿಳಿಜೋಳದ ಕಣಿಕೆ. ಅದರಲ್ಲಿ ರಂಜಕ ಮತ್ತು ಸತುವಿನ ಅಂಶ ಕಡಿಮೆಯಿರುವುದರಿಂದ ಖನಿಜ ಮಿಶ್ರಣ ಕೊಡುವುದು ಅವಶ್ಯಕ. ಬೇಸಿಗೆಯಲ್ಲಿ ಬಿಸಿಲಿನ ತಾಪಕ್ಕೆ, ಮಳೆಗಾಲದಲ್ಲಿ ಕರುಗಳ ಭೇದಿಗೆ ಎಲೆಕ್ಟ್ರೊಲೈಟ್ ದ್ರಾವಣ ಬೇಕಾಗುತ್ತದೆ. ಆದುದರಿಂದ ಕೆಳಗಿನ ಲೆಕ್ಕಗಳನ್ನು ಒಮ್ಮೆ ಕಾಗದದ ಮೇಲೆ ನೀವೇ ಮಾಡಿ ನೋಡಿರಿ.

ಶೇಕಡಾ, ಗ್ರಾಂ ಮತ್ತು ಪಿಪಿಎಂ

1 ಕಿ.ಗ್ರಾಂ ಎಂದರೆ 1000 ಗ್ರಾಂ. 1 ಗ್ರಾಂ ಎಂದರೆ 1000 ಮಿ.ಗ್ರಾಂ, 1 ಮಿ.ಗ್ರಾಂ ಎಂದರೆ 1000 ಮೈಕ್ರೋಗ್ರಾಂ. ಪಿಪಿಎಂ ಎಂದರೆ ಹತ್ತು ಲಕ್ಷದಲ್ಲಿ ಒಂದು ಭಾಗ. ಮೇವಿನಲ್ಲಿ ಅದು ಪ್ರತಿ ಕಿ.ಗ್ರಾಂಗೆ 1 ಮಿ.ಗ್ರಾಂ, ನೀರಿನಲ್ಲಿ ಪ್ರತಿ ಲೀಟರಿಗೆ 1 ಮಿ.ಗ್ರಾಂ. ಶೇ. 1 ಎಂದರೆ ಕಿ.ಗ್ರಾಂಗೆ 10 ಗ್ರಾಂ, ಅಂದರೆ 10,000 ಪಿಪಿಎಂ. ಶೇಕಡಾ ಅಂಕಿಯನ್ನು ಪಿಪಿಎಂಗೆ ತರಲು 10,000ದಿಂದ ಗುಣಿಸಬೇಕು. ಪಿಪಿಎಂನಿಂದ ಶೇಕಡಾಕ್ಕೆ ಬರಲು 10,000ದಿಂದ ಭಾಗಿಸಬೇಕು.

ಚೀಲದ ಮೇಲೆ ಕ್ಯಾಲ್ಸಿಯಂ ಶೇ. 20, ರಂಜಕ ಶೇ. 12, ಸತು ಶೇ. 0.8, ತಾಮ್ರ ಶೇ. 0.1, ಕೋಬಾಲ್ಟ್ ಶೇ. 0.012 ಎಂದಿದೆ ಎಂದು ಭಾವಿಸಿರಿ. ಹಾಲು ಕೊಡುವ ಹಸು ಅಥವಾ ಎಮ್ಮೆಗೆ ದಿನಕ್ಕೆ 50 ಗ್ರಾಂ ಹಾಕಿದರೆ ಅದಕ್ಕೆ ದೊರೆಯುವುದು ಕ್ಯಾಲ್ಸಿಯಂ 10 ಗ್ರಾಂ, ರಂಜಕ 6 ಗ್ರಾಂ, ಸತು 400 ಮಿ.ಗ್ರಾಂ, ತಾಮ್ರ 50 ಮಿ.ಗ್ರಾಂ, ಕೋಬಾಲ್ಟ್ 6 ಮಿ.ಗ್ರಾಂ. ಸೂತ್ರ ಒಂದೇ: ಹಾಕುವ ಗ್ರಾಂ × ಶೇಕಡಾ ÷ 100. ಉತ್ತರ ಗ್ರಾಂನಲ್ಲಿ ಬರುತ್ತದೆ. ಅದನ್ನು 1000ದಿಂದ ಗುಣಿಸಿದರೆ ಮಿ.ಗ್ರಾಂ.

ಜೀವಸತ್ವಗಳ ಮುಂದೆ ಬರೆದಿರುವ ಐಯು ತೂಕದ ಅಳತೆಯಲ್ಲ, ಪರಿಣಾಮದ ಅಳತೆ. ಪ್ರತಿಯೊಂದು ಜೀವಸತ್ವಕ್ಕೂ ಅದರ ತೂಕ ಬೇರೆ: 'ಎ' ಜೀವಸತ್ವದ 1 ಐಯು 0.3 ಮೈಕ್ರೋಗ್ರಾಂ ರೆಟಿನಾಲ್‌ಗೆ, 'ಡಿ3'ಯ 1 ಐಯು 0.025 ಮೈಕ್ರೋಗ್ರಾಂಗೆ ಸಮ. ಒಂದರ ಲೆಕ್ಕವನ್ನು ಇನ್ನೊಂದಕ್ಕೆ ಅನ್ವಯಿಸಬೇಡಿರಿ.

ಲವಣದ ತೂಕ ಬೇರೆ, ಧಾತುವಿನ ತೂಕ ಬೇರೆ

ಹೆಚ್ಚಿನ ತಪ್ಪುಗಳು ಆಗುವುದು ಇಲ್ಲಿ. "ಸತು 300 ಮಿ.ಗ್ರಾಂ ಕೊಡಿ" ಎಂದರೆ ಸತುವಿನ ಸಲ್ಫೇಟ್ 300 ಮಿ.ಗ್ರಾಂ ಎಂದು ಅರ್ಥವಲ್ಲ. ಹರಳಿನ ರೂಪದ (ಏಳು ನೀರಿನಣುಗಳುಳ್ಳ) ಸತುವಿನ ಸಲ್ಫೇಟಿನಲ್ಲಿ ಸತು ಶೇ. 22.7 ಮಾತ್ರ. ಒಂದೇ ನೀರಿನಣುವುಳ್ಳ ಪುಡಿಯಲ್ಲಿ ಸುಮಾರು ಶೇ. 36, ಸತುವಿನ ಆಕ್ಸೈಡಿನಲ್ಲಿ ಶೇ. 80. ಬೇಕಾದ ಧಾತುವಿನ ತೂಕವನ್ನು 100ರಿಂದ ಗುಣಿಸಿ, ಲವಣದಲ್ಲಿರುವ ಶೇಕಡಾದಿಂದ ಭಾಗಿಸಿರಿ. 300 ಮಿ.ಗ್ರಾಂ ಸತುವಿಗೆ ಹರಳಿನ ಸಲ್ಫೇಟ್ 1.32 ಗ್ರಾಂ, ಪುಡಿ ಸಲ್ಫೇಟ್ 0.83 ಗ್ರಾಂ, ಆಕ್ಸೈಡ್ 0.375 ಗ್ರಾಂ ಬೇಕಾಗುತ್ತದೆ. ಮೂರೂ ಬಿಳಿಯ ವಸ್ತುಗಳೇ, ಮೂರನ್ನೂ ಆಡುಮಾತಿನಲ್ಲಿ 'ಝಿಂಕ್' ಎಂದೇ ಕರೆಯುತ್ತಾರೆ.

ಇತರ ಲವಣಗಳಲ್ಲಿ ಧಾತುವಿನ ಅಂಶ, ಶುದ್ಧ ವಸ್ತುವಿನ ಲೆಕ್ಕದಲ್ಲಿ:

ಮೈಲುತುತ್ತ (ತಾಮ್ರದ ಸಲ್ಫೇಟ್ ಹರಳು): ತಾಮ್ರ ಶೇ. 25.5
ಕಬ್ಬಿಣದ ಸಲ್ಫೇಟ್ ಹರಳು: ಕಬ್ಬಿಣ ಶೇ. 20
ಮೆಗ್ನೀಷಿಯಂ ಸಲ್ಫೇಟ್ ಹರಳು: ಮೆಗ್ನೀಷಿಯಂ ಶೇ. 9.9
ಮೆಗ್ನೀಷಿಯಂ ಆಕ್ಸೈಡ್: ಮೆಗ್ನೀಷಿಯಂ ಶೇ. 60
ಸುಣ್ಣದಕಲ್ಲಿನ ಪುಡಿ: ಕ್ಯಾಲ್ಸಿಯಂ ಶೇ. 40
ಪೊಟ್ಯಾಸಿಯಂ ಅಯೋಡೈಡ್: ಅಯೋಡಿನ್ ಶೇ. 76

ಬೆಳೆಗೆಂದು ತಂದ ಸತುವಿನ ಸಲ್ಫೇಟ್ ಮನೆಯಲ್ಲಿದೆ ಎಂದು ಅದನ್ನೇ ರಾಸುಗಳಿಗೆ ಹಾಕಬೇಡಿರಿ. ಗೊಬ್ಬರದ ದರ್ಜೆಯ ಲವಣದಲ್ಲಿ ಸೀಸ, ಕ್ಯಾಡ್ಮಿಯಂನಂತಹ ಭಾರಲೋಹಗಳು ಆಹಾರದ ದರ್ಜೆಗಿಂತ ಹೆಚ್ಚಿರಬಹುದು.

ಕುರಿಗಳಿಗೆ ತಾಮ್ರ: ಲೆಕ್ಕ ತಪ್ಪಿದರೆ ಹಿಂಡೇ ಹೋಗುತ್ತದೆ

ಕುರಿಯ ಯಕೃತ್ತು ತಾಮ್ರವನ್ನು ಹೊರಹಾಕುವುದರಲ್ಲಿ ಬಹಳ ದುರ್ಬಲ. ದನಕ್ಕೆ ಹಿತವಾದ ಪ್ರಮಾಣ ಕುರಿಗೆ ವಿಷವಾಗುತ್ತದೆ. ಒಟ್ಟು ಆಹಾರದ ಒಣ ಅಂಶದಲ್ಲಿ ದನಗಳು ಸುಮಾರು 40 ಪಿಪಿಎಂ ತಾಮ್ರ ತಾಳಿಕೊಂಡರೆ ಕುರಿಗಳಿಗೆ 15 ಪಿಪಿಎಂ ಮಿತಿ.

ಈಗ ಲೆಕ್ಕ ನೋಡಿರಿ. 30 ಕಿ.ಗ್ರಾಂ ತೂಕದ ಕುರಿ ದಿನಕ್ಕೆ ಸುಮಾರು 1 ಕಿ.ಗ್ರಾಂ ಒಣ ಅಂಶ ತಿನ್ನುತ್ತದೆ. ಆ ಮೇವಿನಲ್ಲಿಯೇ 5ರಿಂದ 8 ಮಿ.ಗ್ರಾಂ ತಾಮ್ರ ಇದೆಯೆಂದು ಇಟ್ಟುಕೊಳ್ಳೋಣ. ಇದರ ಮೇಲೆ ದನಗಳಿಗೆ ಮೀಸಲಾದ, ಶೇ. 0.1 ತಾಮ್ರವಿರುವ ಖನಿಜ ಮಿಶ್ರಣವನ್ನು 10 ಗ್ರಾಂ ಹಾಕಿದರೆ 10 ಮಿ.ಗ್ರಾಂ ಸೇರುತ್ತದೆ, ಒಟ್ಟು 15ರಿಂದ 18 ಮಿ.ಗ್ರಾಂ. ಮಿತಿ ಅಲ್ಲಿಗೇ ಮುಗಿಯಿತು. 'ಒಂದು ಹಿಡಿ' ಎಂದು 50 ಗ್ರಾಂ ಹಾಕಿದರೆ 55ರಿಂದ 58 ಮಿ.ಗ್ರಾಂ ಆಗುತ್ತದೆ. ಒಂದೆರಡು ದಿನ ಏನೂ ಕಾಣುವುದಿಲ್ಲ. ತಾಮ್ರ ವಾರಗಟ್ಟಲೆ ಯಕೃತ್ತಿನಲ್ಲಿ ಶೇಖರವಾಗಿ, ದೂರದ ನಡಿಗೆ, ಮಳೆ, ಮೇವಿನ ಬದಲಾವಣೆಯಂತಹ ಯಾವುದಾದರೂ ಆಯಾಸದ ದಿನ ಒಮ್ಮೆಲೇ ರಕ್ತಕ್ಕೆ ಇಳಿಯುತ್ತದೆ. ಕೆಂಪು ಅಥವಾ ಕಪ್ಪು ಛಾಯೆಯ ಮೂತ್ರ, ಹಳದಿ ಕಣ್ಣು, ಒಂದೆರಡು ದಿನಗಳಲ್ಲಿ ಸಾವು. ಆಗ ಕುರಿಗಾರರು ತಿಂಗಳ ಹಿಂದೆ ಹಾಕಿದ ಪುಡಿಯನ್ನು ನೆನಪಿಸಿಕೊಳ್ಳುವುದು ಅಪರೂಪ.

ಆದುದರಿಂದ ಡೆಕ್ಕನಿ ಅಥವಾ ಯಳಗ ಕುರಿಗಳ ಹಿಂಡಿಗೆ ಕುರಿಗೆಂದೇ ತಯಾರಿಸಿದ, ತಾಮ್ರ ಕಡಿಮೆಯಿರುವ ಮಿಶ್ರಣವನ್ನೇ ಕೊಳ್ಳಿರಿ. 50 ಕುರಿಗಳಿಗೆ ತಲಾ 5 ಗ್ರಾಂ ಎಂದರೆ ದಿನಕ್ಕೆ 250 ಗ್ರಾಂ. ಅದನ್ನು ಹಿಂಡಿ ಅಥವಾ ಭರಡಿನಲ್ಲಿ ಚೆನ್ನಾಗಿ ಬೆರೆಸಿ, ಎಲ್ಲ ಕುರಿಗಳೂ ಏಕಕಾಲಕ್ಕೆ ಬಾಯಿ ಹಾಕುವಷ್ಟು ಉದ್ದದ ಗೋದಲಿಯಲ್ಲಿ ಹರಡಿರಿ. ಲೆಕ್ಕ ಸರಿಯಿದ್ದರೂ ಬಲಶಾಲಿ ಟಗರು ನಾಲ್ಕು ಕುರಿಗಳ ಪಾಲನ್ನು ತಿಂದರೆ ಪ್ರಯೋಜನವಿಲ್ಲ.

ಬಾಗಲಕೋಟೆ ಜಿಲ್ಲೆಯಲ್ಲಿ ದಾಳಿಂಬೆ ಮತ್ತು ದ್ರಾಕ್ಷಿ ತೋಟಗಳಿರುವುದರಿಂದ ಇನ್ನೊಂದು ಮಾತು. ಶೇ. 1ರ ಬೋರ್ಡೊ ದ್ರಾವಣದಲ್ಲಿ ಲೀಟರಿಗೆ 10 ಗ್ರಾಂ ಮೈಲುತುತ್ತ, ಅಂದರೆ 2.55 ಗ್ರಾಂ ತಾಮ್ರ ಇರುತ್ತದೆ, ಪಿಪಿಎಂನಲ್ಲಿ 2,550. ಈ ದ್ರಾವಣ ಸಿಂಪಡಿಸಿದ ತೋಟದ ಹುಲ್ಲಿನಲ್ಲಿ ಕುರಿ ಮೇಯಿಸಬೇಡಿರಿ. ಕಾಲುಬೇನೆಗೆ ಗೊರಸು ಅದ್ದಿಸುವ ಮೈಲುತುತ್ತದ ನೀರನ್ನೂ ಕುರಿಗಳು ಕುಡಿಯದಂತೆ ನೋಡಿಕೊಂಡು, ಕೆಲಸ ಮುಗಿದ ಕೂಡಲೇ ದೂರ ಚೆಲ್ಲಿರಿ.

ಸುಣ್ಣದ ತಿಳಿನೀರು, ಟಾನಿಕ್ ಮತ್ತು ಬಾಟಲಿ

ಕರು ಹಾಕಿದ ಹಸುವಿಗೆ ಸುಣ್ಣದ ತಿಳಿನೀರು ಕುಡಿಸುವ ವಾಡಿಕೆ ಇದೆ. ಅದರಲ್ಲಿ ಕ್ಯಾಲ್ಸಿಯಂ ಎಷ್ಟು? ಒಂದು ಲೀಟರ್ ನೀರಿನಲ್ಲಿ ಕರಗುವ ಅರಳಿದ ಸುಣ್ಣ ಸುಮಾರು 1.7 ಗ್ರಾಂ, ಅದರಲ್ಲಿ ಕ್ಯಾಲ್ಸಿಯಂ ಶೇ. 54. ಲೀಟರಿಗೆ 0.9 ಗ್ರಾಂ ಆಯಿತು. 200 ಮಿ.ಲೀ. ಲೋಟದಲ್ಲಿ 0.2 ಗ್ರಾಂ ಸಹ ಇಲ್ಲ. ಹಸುವಿನ ಪ್ರತಿ ಲೀಟರ್ ಹಾಲಿನಲ್ಲಿ ಸುಮಾರು 1.2 ಗ್ರಾಂ, ಎಮ್ಮೆಯ ಹಾಲಿನಲ್ಲಿ ಸುಮಾರು 1.8 ಗ್ರಾಂ ಕ್ಯಾಲ್ಸಿಯಂ ಹೊರಹೋಗುತ್ತದೆ. 8 ಲೀಟರ್ ಕರೆಯುವ ಹಸು ದಿನಕ್ಕೆ 9.6 ಗ್ರಾಂ ಕಳೆದುಕೊಳ್ಳುವಾಗ ಒಂದು ಲೋಟ ತಿಳಿನೀರು ಹಾನಿ ಮಾಡದು, ಆದರೆ ಕೊರತೆಯನ್ನು ತುಂಬಲಾರದು. ತಳದ ಗಟ್ಟಿ ಸುಣ್ಣವನ್ನು ಕಲಕಿ ಕುಡಿಸುವುದು ಮಾತ್ರ ಅಪಾಯ. ಬಾಯಿ, ಅನ್ನನಾಳಗಳು ಸುಡುತ್ತವೆ.

ಅಂಗಡಿಯ ಟಾನಿಕ್ಕನ್ನೂ ಇದೇ ತಕ್ಕಡಿಯಲ್ಲಿ ತೂಗಿರಿ. ಲೇಬಲ್ಲಿನಲ್ಲಿ 'ಪ್ರತಿ 100 ಮಿ.ಲೀ.ನಲ್ಲಿ ಕ್ಯಾಲ್ಸಿಯಂ 1750 ಮಿ.ಗ್ರಾಂ' ಎಂದಿದ್ದರೆ ದಿನಕ್ಕೆ 100 ಮಿ.ಲೀ. ಕುಡಿಸಿದಾಗ ಸಿಗುವುದು 1.75 ಗ್ರಾಂ. ಮೇಲೆ ಹೇಳಿದ ಖನಿಜ ಮಿಶ್ರಣದ 50 ಗ್ರಾಂನಲ್ಲಿ 10 ಗ್ರಾಂ ಇತ್ತು. ಸಾವಿರದ ಅಂಕಿ ದೊಡ್ಡದಾಗಿ ಕಾಣುವುದು ಮಿ.ಗ್ರಾಂನಲ್ಲಿ ಬರೆದಿರುವುದರಿಂದ. ಎರಡರ ಬೆಲೆಯನ್ನೂ 'ಒಂದು ಗ್ರಾಂ ಕ್ಯಾಲ್ಸಿಯಂಗೆ ಎಷ್ಟು ರೂಪಾಯಿ' ಎಂದು ಲೆಕ್ಕ ಹಾಕಿದ ಮೇಲೆ ಕೊಳ್ಳಿರಿ.

ಹಾಲುಜ್ವರಕ್ಕೆ ರಕ್ತನಾಳದ ಮೂಲಕ ಕೊಡುವ 450 ಮಿ.ಲೀ. ಬಾಟಲಿಯ ಮೇಲೆ 'ಡಬ್ಲ್ಯು/ವಿ' ಎಂಬ ಗುರುತಿರುತ್ತದೆ. ಅದರರ್ಥ ಪ್ರತಿ 100 ಮಿ.ಲೀ. ದ್ರಾವಣದಲ್ಲಿ ಇಷ್ಟು ಗ್ರಾಂ ವಸ್ತು ಎಂದು. ಕ್ಯಾಲ್ಸಿಯಂ ಶೇ. 1.86 ಡಬ್ಲ್ಯು/ವಿ ಎಂದಿದ್ದರೆ 450 × 1.86 ÷ 100 = 8.37 ಗ್ರಾಂ ಕ್ಯಾಲ್ಸಿಯಂ. 100 ಕಿ.ಗ್ರಾಂ ದೇಹತೂಕಕ್ಕೆ ಸುಮಾರು 2 ಗ್ರಾಂ ಎಂಬ ರೂಢಿಯ ಲೆಕ್ಕಕ್ಕೆ ಇದು 400 ಕಿ.ಗ್ರಾಂ ಹಸುವಿನ ಪ್ರಮಾಣ. 'ಕ್ಯಾಲ್ಸಿಯಂ ಬೋರೋಗ್ಲುಕೋನೇಟ್ ಶೇ. 25' ಎಂಬುದು ಲವಣದ ಅಂಕಿ. ಅದನ್ನು ಧಾತುವಿನ ಅಂಕಿಯೆಂದು ತಿಳಿದು 112 ಗ್ರಾಂ ಕ್ಯಾಲ್ಸಿಯಂ ಇದೆ ಎಂದು ಎಣಿಸಬಾರದು. 250 ಕಿ.ಗ್ರಾಂನ ಸಣ್ಣ ಹಸುವಿಗೆ ಇಡೀ ಬಾಟಲಿಯನ್ನು ವೇಗವಾಗಿ ಹರಿಸಿದರೆ ಹೃದಯ ನಿಲ್ಲಬಹುದು. ಈ ಕೆಲಸ ಎದೆಬಡಿತವನ್ನು ಆಲಿಸುತ್ತ ಪಶುವೈದ್ಯರು ಮಾತ್ರ ಮಾಡತಕ್ಕದ್ದು.

ಮಿಲಿಮೋಲ್ ಮತ್ತು ಮಿಲಿಈಕ್ವಿವೆಲೆಂಟ್

ಒಂದು ವಸ್ತುವಿನ ಅಣುತೂಕದಷ್ಟು ಮಿ.ಗ್ರಾಂ ತೆಗೆದುಕೊಂಡರೆ ಅದು 1 ಮಿಲಿಮೋಲ್. ಕ್ಯಾಲ್ಸಿಯಂನ ತೂಕ 40. ಆದ್ದರಿಂದ 40 ಮಿ.ಗ್ರಾಂ 1 ಮಿಲಿಮೋಲ್. ಮಿಲಿಈಕ್ವಿವೆಲೆಂಟ್ ಬೇಕಾದರೆ ಮಿಲಿಮೋಲನ್ನು ವಿದ್ಯುದಂಶದ ಸಂಖ್ಯೆಯಿಂದ ಗುಣಿಸಬೇಕು: ಸೋಡಿಯಂ, ಪೊಟ್ಯಾಸಿಯಂ, ಕ್ಲೋರೈಡ್, ಬೈಕಾರ್ಬೊನೇಟ್‌ಗಳಿಗೆ 1, ಕ್ಯಾಲ್ಸಿಯಂ ಮತ್ತು ಮೆಗ್ನೀಷಿಯಂಗೆ 2.

ರಕ್ತದ ವರದಿಯಲ್ಲಿ ಮಿ.ಗ್ರಾಂ/ಡೆಸಿಲೀಟರ್ ಇದ್ದು ಮಿಲಿಮೋಲ್/ಲೀಟರ್ ಬೇಕಿದ್ದರೆ ಕ್ಯಾಲ್ಸಿಯಂ ಅಂಕಿಯನ್ನು 4ರಿಂದ, ರಂಜಕವನ್ನು 3.1ರಿಂದ, ಮೆಗ್ನೀಷಿಯಂ ಅನ್ನು 2.43ರಿಂದ ಭಾಗಿಸಿರಿ. ವರದಿಯಲ್ಲಿ 'ಕ್ಯಾಲ್ಸಿಯಂ 2.1' ಎಂದು ಮಾತ್ರ ಕಂಡು ಗಾಬರಿಯಾಗುವುದುಂಟು. ಅದು 2.1 ಮಿಲಿಮೋಲ್ ಆಗಿದ್ದರೆ 8.4 ಮಿ.ಗ್ರಾಂ/ಡೆಸಿಲೀಟರ್, ಹಸುವಿಗೆ ಇದು ಸಹಜ ಮಟ್ಟಕ್ಕೆ ಹತ್ತಿರ. ಅದೇ 2.1 ಮಿ.ಗ್ರಾಂ/ಡೆಸಿಲೀಟರ್ ಆಗಿದ್ದರೆ ಆ ಹಸು ಎದ್ದು ನಿಂತಿರಲು ಸಾಧ್ಯವಿಲ್ಲ. ಅಂಕಿಯ ಪಕ್ಕದ ಅಳತೆಯನ್ನು ಓದದೆ, ಅಥವಾ ಫೋನಿನಲ್ಲಿ ಹೇಳದೆ, ಚಿಕಿತ್ಸೆ ಕೇಳಬೇಡಿರಿ.

ಭೇದಿಯಾದ ಕರುವಿಗೆ ದ್ರಾವಣ

ಮೊದಲು ನಾಲ್ಕು ವಸ್ತುಗಳ ಲೆಕ್ಕ. 1 ಗ್ರಾಂ ಅಡುಗೆ ಉಪ್ಪಿನಲ್ಲಿ ಸೋಡಿಯಂ 17.1 ಮತ್ತು ಕ್ಲೋರೈಡ್ 17.1 ಮಿಲಿಮೋಲ್. 1 ಗ್ರಾಂ ಅಡುಗೆ ಸೋಡಾದಲ್ಲಿ ಸೋಡಿಯಂ 11.9 ಮತ್ತು ಬೈಕಾರ್ಬೊನೇಟ್ 11.9. 1 ಗ್ರಾಂ ಪೊಟ್ಯಾಸಿಯಂ ಕ್ಲೋರೈಡಿನಲ್ಲಿ ಎರಡೂ 13.4. 1 ಗ್ರಾಂ ಗ್ಲೂಕೋಸ್ 5.55.

ಮನುಷ್ಯರಿಗಾಗಿ ಇರುವ 20.5 ಗ್ರಾಂ ಓಆರ್‌ಎಸ್ ಪೊಟ್ಟಣವನ್ನು 1 ಲೀಟರ್ ನೀರಿನಲ್ಲಿ ಕರಗಿಸಿದರೆ ಸೋಡಿಯಂ 75, ಪೊಟ್ಯಾಸಿಯಂ 20, ಕ್ಲೋರೈಡ್ 65, ಗ್ಲೂಕೋಸ್ 75 ಮಿಲಿಮೋಲ್ ಬರುತ್ತದೆ. ಭೇದಿಯಾದ ಕರುವಿನ ರಕ್ತ ಆಮ್ಲದ ಕಡೆಗೆ ವಾಲಿರುವುದರಿಂದ ಅದಕ್ಕೆ ಸೋಡಿಯಂ 90ರಿಂದ 130 ಮತ್ತು ಇನ್ನೂ ಹೆಚ್ಚಿನ ಕ್ಷಾರಾಂಶ ಬೇಕು. ಲೀಟರಿಗೆ ಉಪ್ಪು 3 ಗ್ರಾಂ, ಅಡುಗೆ ಸೋಡಾ 5 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ, ಗ್ಲೂಕೋಸ್ 20 ಗ್ರಾಂ ಹಾಕಿದರೆ ಸೋಡಿಯಂ 51 + 60 = 111, ಪೊಟ್ಯಾಸಿಯಂ 20, ಕ್ಲೋರೈಡ್ 51 + 20 = 71, ಬೈಕಾರ್ಬೊನೇಟ್ 60, ಗ್ಲೂಕೋಸ್ 111 ಆಗುತ್ತದೆ. 2 ಲೀಟರಿಗೆ ನಾಲ್ಕನ್ನೂ ಇಮ್ಮಡಿ ಮಾಡಿರಿ. ನೀರನ್ನು ಹೆಚ್ಚಿಸದೆ ಪುಡಿಯನ್ನು ಮಾತ್ರ ಹೆಚ್ಚಿಸಬಾರದು.

ಇಲ್ಲಿ ಗ್ರಾಂ ಮತ್ತು ಚಮಚದ ಗೊಂದಲ ಪ್ರಾಣಾಂತಿಕ. 3 ಗ್ರಾಂ ಉಪ್ಪನ್ನು '3 ಚಮಚ' ಎಂದು ಕೇಳಿಸಿಕೊಂಡರೆ ಸುಮಾರು 18 ಗ್ರಾಂ ಆಗುತ್ತದೆ. ಅಷ್ಟರಿಂದಲೇ ಸೋಡಿಯಂ 308. ಸೋಡಾದ್ದು ಸೇರಿ 368. ರಕ್ತದಲ್ಲಿರುವುದು ಸುಮಾರು 140. ಇಂತಹ ದ್ರಾವಣ ಕುಡಿದ ಕರುವಿಗೆ ಉಪ್ಪಿನ ವಿಷವೇರಿ ಸೆಳವು ಬರುತ್ತದೆ. ನೋಡುವವರು ಅದನ್ನು ಭೇದಿಯ ಉಲ್ಬಣವೆಂದೇ ತಿಳಿಯುತ್ತಾರೆ. ಹಾಗೆಯೇ ಅಡುಗೆ ಸೋಡಾಕ್ಕೆ ಬದಲಾಗಿ ಬಟ್ಟೆ ಒಗೆಯುವ ಸೋಡಾ ಹಾಕಲೇಬಾರದು. ಅದು ಕರುಳನ್ನು ಸುಡುವ ಬೇರೆಯೇ ವಸ್ತು.

ಎಷ್ಟು ಕುಡಿಸಬೇಕು? 30 ಕಿ.ಗ್ರಾಂ ಕರು ತನ್ನ ತೂಕದ ಶೇ. 8ರಷ್ಟು ನೀರು ಕಳೆದುಕೊಂಡಿದ್ದರೆ ಕೊರತೆ 2.4 ಕಿ.ಗ್ರಾಂ, ಅಂದರೆ 2.4 ಲೀಟರ್. ಇದನ್ನು ದಿನದಲ್ಲಿ ಎರಡು ಮೂರು ಬಾರಿ ಹಂಚಿ, ಹಾಲು ಕುಡಿಸಿ ಎರಡು ಗಂಟೆ ಕಳೆದ ಮೇಲೆ ಕೊಡಿರಿ. ಸೋಡಾ ಇರುವ ದ್ರಾವಣ ಹಾಲಿನೊಡನೆ ಬೆರೆತರೆ ಹೊಟ್ಟೆಯಲ್ಲಿ ಹಾಲು ಹೆಪ್ಪುಗಟ್ಟುವುದಕ್ಕೆ ಅಡ್ಡಿಯಾಗುತ್ತದೆ. ಹಾಲನ್ನು ಪೂರ್ತಿ ನಿಲ್ಲಿಸಬೇಡಿರಿ. ಚೀಪುವ ಶಕ್ತಿಯಿಲ್ಲದೆ, ಬಾಯಿ ತಣ್ಣಗಾಗಿ ಮಲಗಿರುವ ಕರುವಿಗೆ ಬಾಯಿಯಿಂದ ಹೊಯ್ಯುವುದು ಬೇಡ, ಶ್ವಾಸಕೋಶಕ್ಕೆ ಹೋಗುತ್ತದೆ. ಅದಕ್ಕೆ ರಕ್ತನಾಳದ ಮೂಲಕವೇ ದ್ರಾವಣ ಬೇಕು.

ಕೊಳವೆಬಾವಿಯ ನೀರಿನಲ್ಲಿ ಬರುವ ಪಾಲು

ಮಹಾಕೂಟ, ಬಾದಾಮಿಯ ಮರಳುಗಲ್ಲಿನ ನಾಡಿಗೂ ಇಳಕಲ್ಲಿನ ಗ್ರಾನೈಟ್ ನಾಡಿಗೂ ಅಂತರ್ಜಲದ ಗುಣ ಒಂದೇ ಅಲ್ಲ. ಹುನಗುಂದ–ಇಳಕಲ್ ಭಾಗದ ಹಲವು ಕೊಳವೆಬಾವಿಗಳಲ್ಲಿ ಫ್ಲೋರೈಡ್ ಸಮಸ್ಯೆ ಇದೆ. ಮನುಷ್ಯರ ಕುಡಿಯುವ ನೀರಿಗೆ 1.0, ಬೇರೆ ಮೂಲವಿಲ್ಲದಿದ್ದರೆ 1.5 ಮಿ.ಗ್ರಾಂ/ಲೀಟರ್ ಭಾರತೀಯ ಮಾನಕದ ಮಿತಿ. ಜಾನುವಾರುಗಳಿಗೆ ನೀರೊಂದನ್ನೇ ನೋಡಿದರೆ ಸಾಲದು, ಮೇವು ಮತ್ತು ಖನಿಜ ಮಿಶ್ರಣವನ್ನೂ ಕೂಡಿಸಬೇಕು.

ಹಸುವಿನ ಒಟ್ಟು ಆಹಾರದಲ್ಲಿ ಫ್ಲೋರಿನ್ 40 ಪಿಪಿಎಂ ಮೀರಬಾರದು ಎಂಬುದು ಲೆಕ್ಕಕ್ಕೆ ಆಧಾರ. 10 ಕಿ.ಗ್ರಾಂ ಒಣ ಅಂಶ ತಿನ್ನುವ ಹಸುವಿಗೆ ಅದು ದಿನಕ್ಕೆ 400 ಮಿ.ಗ್ರಾಂ. ಲೀಟರಿಗೆ 3 ಮಿ.ಗ್ರಾಂ ಇರುವ ನೀರನ್ನು 60 ಲೀಟರ್ ಕುಡಿದರೆ 180 ಮಿ.ಗ್ರಾಂ ಅಲ್ಲಿಯೇ ಸೇರಿತು. ಶುದ್ಧೀಕರಿಸಿದ ಮಿಶ್ರಣದಲ್ಲಿ ಫ್ಲೋರಿನ್ ಶೇ. 0.07 ಎಂದಿದ್ದರೆ 50 ಗ್ರಾಂಗೆ 35 ಮಿ.ಗ್ರಾಂ ಮಾತ್ರ. ಆದರೆ ಅಗ್ಗದ ಪುಡಿಯಲ್ಲಿ ಶೇ. 3.5 ಫ್ಲೋರಿನ್ ಇರುವ ಕಚ್ಚಾ ಶಿಲಾರಂಜಕವನ್ನು ಅರ್ಧದಷ್ಟು ಬೆರೆಸಿದ್ದರೆ 25 ಗ್ರಾಂ × 3.5 ÷ 100 = 0.875 ಗ್ರಾಂ, ಅಂದರೆ 875 ಮಿ.ಗ್ರಾಂ. ಒಂದೇ ಹಿಡಿಯಲ್ಲಿ ಮಿತಿಯ ಎರಡು ಪಟ್ಟಿಗಿಂತ ಹೆಚ್ಚು. ಹಲ್ಲಿನ ಮೇಲೆ ಕಂದು ಕಲೆ, ಸವೆತ, ಕುಂಟು ಕಾಣುವ ಊರುಗಳಲ್ಲಿ ಚೀಲದ ಮೇಲೆ ಫ್ಲೋರಿನ್ ಅಂಕಿ ಇಲ್ಲದ ಮಿಶ್ರಣವನ್ನು ಕೊಳ್ಳಲೇಬೇಡಿರಿ.

ನೀರಿನ ವರದಿಯಲ್ಲಿ ಲವಣಾಂಶದ ಬದಲು ವಿದ್ಯುತ್ ವಾಹಕತೆ ಕೊಟ್ಟಿದ್ದರೆ ಡೆಸಿಸೀಮನ್ಸ್/ಮೀಟರ್ ಅಂಕಿಯನ್ನು 640ರಿಂದ ಗುಣಿಸಿದರೆ ಸುಮಾರಾಗಿ ಪಿಪಿಎಂ ಸಿಗುತ್ತದೆ. 1000 ಮೈಕ್ರೋಸೀಮನ್ಸ್/ಸೆಂ.ಮೀ. ಎಂದರೆ 1 ಡೆಸಿಸೀಮನ್ಸ್/ಮೀಟರ್. ವಾಹಕತೆ 3 ಇದ್ದರೆ ಲವಣಾಂಶ ಸುಮಾರು 1,920 ಪಿಪಿಎಂ. 60 ಲೀಟರಿನಲ್ಲಿ 115 ಗ್ರಾಂ. ಅಷ್ಟೂ ಅಡುಗೆ ಉಪ್ಪಲ್ಲದಿದ್ದರೂ, ಇಂತಹ ನೀರಿರುವಲ್ಲಿ ಹಿಂಡಿಗೆ ಉಪ್ಪು ಬೆರೆಸುವ ಮೊದಲು ಪಶುವೈದ್ಯರನ್ನು ಕೇಳಿರಿ.

ಚಮಚ, ತೊಲ, ಚಟಾಕು ಮತ್ತು ದೇಹತೂಕ

5 ಮಿ.ಲೀ. ಚಹಾ ಚಮಚದಲ್ಲಿ ಮಟ್ಟಸವಾಗಿ ಪುಡಿ ಉಪ್ಪು ಸುಮಾರು 6 ಗ್ರಾಂ, ಅಡುಗೆ ಸೋಡಾ 5 ಗ್ರಾಂಗೆ ತುಸು ಕಡಿಮೆ, ಸಕ್ಕರೆ ಸುಮಾರು 4 ಗ್ರಾಂ ಹಿಡಿಯುತ್ತದೆ. ರಾಶಿಯಾಗಿ ತುಂಬಿದ ಚಮಚಕ್ಕೆ ಲೆಕ್ಕವೇ ಇಲ್ಲ. ಖನಿಜ ಮಿಶ್ರಣದ ಸಾಂದ್ರತೆ ಕಂಪನಿಯಿಂದ ಕಂಪನಿಗೆ ಬೇರೆಯಾದ್ದರಿಂದ ಒಂದು ಉಪಾಯ ಮಾಡಿರಿ: ಬಾಟಲಿಯ ಮುಚ್ಚಳವೊಂದನ್ನು ಅಳತೆಗೆ ಇಟ್ಟುಕೊಂಡು 20 ಮಟ್ಟಸ ಮುಚ್ಚಳಗಳಷ್ಟನ್ನು ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿ, 20ರಿಂದ ಭಾಗಿಸಿರಿ. ಉತ್ತರವನ್ನು ಮುಚ್ಚಳದ ಮೇಲೆಯೇ ಬರೆಯಿರಿ. ಹೊಸ ಚೀಲ ತಂದಾಗ ಮತ್ತೊಮ್ಮೆ ತೂಗಿರಿ.

ಹಿರಿಯರು ಇಂದಿಗೂ ತೊಲ, ಚಟಾಕುಗಳಲ್ಲಿ ಹೇಳುತ್ತಾರೆ. ಹಳೆಯ ತೊಲ 11.66 ಗ್ರಾಂ, ಸರಾಫ ಅಂಗಡಿಯಲ್ಲಿ ಈಗ 10 ಗ್ರಾಂಗೂ ತೊಲ ಎನ್ನುವುದುಂಟು. 5 ತೊಲ ಸೇರಿದರೆ ಒಂದು ಚಟಾಕು, ಸುಮಾರು 58 ಗ್ರಾಂ. ಎಮ್ಮೆಗೆ 'ಒಂದು ಚಟಾಕು ಖನಿಜ' ಎಂದರೆ ಹೆಚ್ಚು ತಪ್ಪಿಲ್ಲ. ಸೇರು ಮಾತ್ರ ಒಂದೆಡೆ ತೂಕ, ಇನ್ನೊಂದೆಡೆ ಕಾಳಿನ ಅಳತೆ. ಔಷಧದ ಲೆಕ್ಕಕ್ಕೆ ಅದನ್ನು ಬಳಸಬೇಡಿರಿ.

ತಕ್ಕಡಿಯಿಲ್ಲದೆ ದನದ ತೂಕ ತಿಳಿಯಲು ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನೂ, ಭುಜದ ತುದಿಯಿಂದ ಪೃಷ್ಠದ ಮೂಳೆಯವರೆಗಿನ ಉದ್ದವನ್ನೂ ಇಂಚಿನಲ್ಲಿ ಅಳೆಯಿರಿ. ಸುತ್ತಳತೆ × ಸುತ್ತಳತೆ × ಉದ್ದ ÷ 660 = ಕಿ.ಗ್ರಾಂ. ಸುತ್ತಳತೆ 66, ಉದ್ದ 54 ಇದ್ದರೆ 356 ಕಿ.ಗ್ರಾಂ. ಸೆಂಟಿಮೀಟರಿನಲ್ಲಿ ಅಳೆದಿದ್ದರೆ 660ರ ಬದಲು 10,840ರಿಂದ ಭಾಗಿಸಿರಿ. ಇಂಚಿನ ಅಳತೆಯನ್ನು 300ರಿಂದ ಭಾಗಿಸುವ ಸೂತ್ರವೂ ಪ್ರಚಾರದಲ್ಲಿದೆ. ಅದರ ಉತ್ತರ ಪೌಂಡಿನಲ್ಲಿ ಬರುತ್ತದೆ. ಅದನ್ನೇ ಕಿ.ಗ್ರಾಂ ಎಂದು ತಿಳಿದರೆ ಔಷಧ ಎರಡು ಪಟ್ಟಿಗಿಂತ ಹೆಚ್ಚಾಗುತ್ತದೆ.

ವಿಸ್ತರಣಾ ಕಾರ್ಯಕರ್ತರು ಗ್ರಾಮಸಭೆಯಲ್ಲಿ ಪ್ರಮಾಣ ಬರೆದುಕೊಡುವಾಗ 'ಗ್ರಾಂ' ಮತ್ತು 'ಮಿ.ಗ್ರಾಂ' ಎಂದು ಪೂರ್ಣವಾಗಿ ಬರೆಯಬೇಕು, '.5' ಎಂದು ಬರೆಯದೆ '0.5' ಎಂದು ಬರೆಯಬೇಕು, '5.0' ಎಂದು ಬರೆಯದೆ '5' ಎಂದು ಬರೆಯಬೇಕು. ಮಸುಕಾದ ಚೀಟಿಯಲ್ಲಿ ಮೊದಲು ಮಾಯವಾಗುವುದು ಚುಕ್ಕೆ. ಪಶು ಸಂಜೀವಿನಿ ಸಹಾಯವಾಣಿ 1962ಕ್ಕೆ ಕರೆ ಮಾಡುವ ರೈತರು ರಾಸಿನ ಅಂದಾಜು ತೂಕ, ಕೊಟ್ಟ ವಸ್ತುವಿನ ಹೆಸರು, ಲೇಬಲ್ಲಿನ ಶೇಕಡಾ, ಹಾಕಿದ ಗ್ರಾಂ ಅಥವಾ ಮಿ.ಲೀ. ಮತ್ತು ಎಷ್ಟು ದಿನದಿಂದ ಎಂಬುದನ್ನು ಮೊದಲೇ ಬರೆದಿಟ್ಟುಕೊಂಡಿರಬೇಕು. ಖಾಲಿಯಾದ ಚೀಲ ಅಥವಾ ಬಾಟಲಿಯನ್ನು ವೈದ್ಯರು ಬರುವವರೆಗೆ ಎಸೆಯಬೇಡಿರಿ.